ಬಿಳಿ ಬೆಳಕಿನಲ್ಲಿ ಬೆಂದ ಕೋಳಿ

ನನ್ನ ಮಾವನವರನ್ನು ಹೆಸರು ಹಿಡಿದು ಕರೆಯುವವರು ನಮ್ಮ ಕಡೆ ಯಾರೂ ಇಲ್ಲ. ಕೆಂಡಣ್ಣ ಅಂದರೇ ಗೊತ್ತಾಗುವುದು. ಅಂಚೆಯವನೂ ಬಾಗಿಲಲ್ಲಿ ನಿಂತು ಹಾಗೇ ಕೂಗುತ್ತಾನೆ. ಸೊಸೆ ಮಾವನ ಕಥೆ ಹೇಳಲು ಹೊರಟರೆ ಅದರಲ್ಲಿ ಚಾಡಿ ಇದ್ದೇ ಇರುತ್ತದೆ ಅಂದುಕೊಳ್ಳುವವರು ಅಂದುಕೊಳ್ಳಲಿ. ನಾನು ಅವರನ್ನು ಹೊಗಳುವವಳೂ ಅಲ್ಲ, ಬಿಟ್ಟುಕೊಡುವವಳೂ ಅಲ್ಲ. ಮುಂದೆ ಹೇಳುವುದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಇನ್ನರ್ಧ ಅವರೇ ಒಂದು ಮಧ್ಯಾಹ್ನ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ನನಗೆ ಹೇಳಿದ್ದು.

ಅವರ ಕೆಲಸ ಕೆರೆಯ ಪಕ್ಕದ ಮೈದಾನದಲ್ಲಿ. ಕಂಪನಿಗಳವರು, ಕಾರ್ಖಾನೆಗಳವರು ತಮ್ಮ ಕೆಲಸಗಾರರನ್ನು ಹೆಂಡತಿ ಮಕ್ಕಳ ಸಮೇತ ಅಲ್ಲಿಗೆ ಕರೆತರುತ್ತಾರೆ. ಮಧ್ಯಾಹ್ನವೆಲ್ಲ ಹಗ್ಗ ಜಗ್ಗಾಟ, ಕುರ್ಚಿ ಆಟ, ಸಂಜೆಗೆ ಬಯಲಲ್ಲೇ ಊಟ. ಕೆರೆಯ ಕಡೆ ಬೆನ್ನು ಹಾಕಿ ಉದ್ದನೆಯ ಕಬ್ಬಿಣದ ತೊಟ್ಟಿ ಇದೆ. ಅದರ ತುಂಬ ಕೆಂಡ, ಮೇಲೆ ಕಂಬಿಯ ಜಾಲರಿ, ಜಾಲರಿಯ ಮೇಲೆ ಕೋಳಿ. ಹೊತ್ತು ಮುಳುಗುವಾಗ ಮಾವನ ಕೆಲಸ ಶುರು. ಅಲ್ಲಿಯವರೆಗೆ ಅವರು ಇದ್ದಿಲು ಆರಿಸುತ್ತ, ಗಾಳಿ ಯಾವ ಕಡೆಯಿಂದ ಬರುತ್ತದೆ ಎಂದು ಮೂಗು ಎತ್ತಿ ನೋಡುತ್ತ, ಯಾರಾದರೂ ಮಾತಾಡಿಸಿದರೆ ಸಿಡುಕುತ್ತ ಇರುತ್ತಾರೆ. ಕೆಂಡದ ಮೇಲೆ ತೆಳ್ಳಗೆ ಬೂದಿ ಕೂರುವ ತನಕ ಜಾಲರಿಯ ಹತ್ತಿರ ಒಂದು ತುಂಡನ್ನೂ ಸುಳಿಯಲು ಬಿಡುವುದಿಲ್ಲ.

ಕೋಳಿ ಬೆಂದಿದೆಯೋ ಇಲ್ಲವೋ ಎಂದು ನೋಡಲು ಅವರದು ಒಂದೇ ದಾರಿ. ತೊಡೆಯ ಕೀಲನ್ನು ಇಕ್ಕಳದಿಂದ ಲಟಕ್ಕನೆ ಬಿಡಿಸಿ ಮೂಳೆಯ ಬುಡಕ್ಕೆ ಕಣ್ಣು ಹಾಕುವುದು. ಅಲ್ಲಿ ಕೆಂಪು ಕಂಡರೆ ಮತ್ತೆ ಕೆಂಡಕ್ಕೆ, ಬೆಳ್ಳಗಿದ್ದರೆ ತಟ್ಟೆಗೆ. ಇಷ್ಟು ವರ್ಷದಲ್ಲಿ ಆ ಕಣ್ಣು ಒಮ್ಮೆಯೂ ತಪ್ಪಿಲ್ಲ ಎನ್ನುವುದು ಅವರ ಜಂಬ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಬೇಯಿಸಿದ ಅನ್ನವನ್ನೂ ಹಾಗೇ ಕಣ್ಣು ಕಿರಿದು ಮಾಡಿ ನೋಡಿ, "ಇನ್ನೊಂದು ಉರಿ ಬೇಕಿತ್ತು" ಎನ್ನುತ್ತಿದ್ದರು. ಬಾಯಿಗೆ ಹಾಕಿಕೊಳ್ಳುವ ಮೊದಲೇ! ನನಗೆ ಎಷ್ಟು ಉರಿಯುತ್ತಿತ್ತೋ ನನಗೇ ಗೊತ್ತು.

ಅವರ ಜೊತೆ ಕೆಲಸಕ್ಕಿದ್ದವರು ಅವರ ಅಕ್ಕ. ನಾನು ದೊಡ್ಡತ್ತೆ ಎಂದು ಕರೆಯುತ್ತೇನೆ. ತಾಯಿ ಹೋದ ಮೇಲೆ ತಮ್ಮನನ್ನು ಸೊಂಟದ ಮೇಲಿಟ್ಟುಕೊಂಡು ಸಾಕಿದವರು ಅವರೇ. ಮೈದಾನದ ಇನ್ನೊಂದು ತುದಿಯಲ್ಲಿ, ನಲ್ಲಿಯ ಪಕ್ಕದಲ್ಲಿ ದೊಡ್ಡತ್ತೆ ಕೋಳಿ ಕತ್ತರಿಸಿ, ತೊಳೆದು, ಉಪ್ಪು ಖಾರ ಸವರಿ, ಟಬ್ಬಿಗೆ ಹಾಕಿ ಬಟ್ಟೆ ಮುಚ್ಚಿ ಕಳಿಸುವರು. ನೀರಿನ ಕಡೆಯದು ಅಕ್ಕನಿಗೆ, ಬೆಂಕಿಯ ಕಡೆಯದು ತಮ್ಮನಿಗೆ. ಒಬ್ಬರ ಗಡಿಯೊಳಗೆ ಇನ್ನೊಬ್ಬರು ಕಾಲಿಡುತ್ತಿರಲಿಲ್ಲ. ದೊಡ್ಡತ್ತೆಯ ಬಾಯಿ ದೊಡ್ಡದು, ಕೈ ಇನ್ನೂ ದೊಡ್ಡದು. ಅವರ ಮನೆಗೆ ಹೋದವರು ಹೊಟ್ಟೆ ಬಿರಿಯುವಂತೆ ತಿನ್ನದೆ ಹೊಸ್ತಿಲು ದಾಟಿ ಬಂದದ್ದೇ ಇಲ್ಲ. "ಹಸಿವಿಲ್ಲ ಅತ್ತೆ" ಅಂದರೆ, "ಹಸಿವಿಗೇನು, ತಿಂತಾ ತಿಂತಾ ಬರುತ್ತೆ" ಎಂದು ಬಡಿಸಿಯೇ ಬಿಡುವರು.

ಮೊದಲೆಲ್ಲ ಕೆಂಡದ ತೊಟ್ಟಿಯ ಮೇಲೆ ಒಂದು ಹಳದಿ ಬಲ್ಬು ತೂಗುತ್ತಿತ್ತು, ಕಂಬದಿಂದ ಎಳೆದ ವೈರಿನಲ್ಲಿ. ಒಂದು ಮಗು ಆ ವೈರಿಗೆ ಎಡವಿ ಬಿತ್ತೆಂದು ಮೈದಾನದ ಮ್ಯಾನೇಜರು ವೈರನ್ನೇ ಕೀಳಿಸಿ ಹಾಕಿದರು. ಬದಲಿಗೆ ಏನೂ ಕೊಡಲಿಲ್ಲ. ಮಾವ ಕತ್ತಲಲ್ಲಿ ತಡಕಾಡುವುದನ್ನು ನೋಡಿ ನನ್ನ ಗಂಡ ಒಂದು ಟಾರ್ಚು ತಂದುಕೊಟ್ಟ. ಅವನು ಗೋದಾಮಿನಲ್ಲಿ ಕಾವಲು ಕೆಲಸಕ್ಕಿದ್ದಾನೆ, ಅಂಥ ಸಾಮಾನು ಅವನಿಗೆ ಚೆನ್ನಾಗಿ ಗೊತ್ತು. ಕರಿ ಲೋಹದ ಮೈ, ಮೂತಿಯ ಸುತ್ತ ಹಲ್ಲು, ಹಿಂದೆ ರಬ್ಬರಿನ ಗುಂಡಿ, ಒತ್ತಿದರೆ ನೀಲಿಗೆ ತಿರುಗಿದ ಬಿಳಿ ಬೆಳಕು. ಡಬ್ಬಿಯ ಮೇಲೆ 'ಟ್ಯಾಕ್ಟಿಕಲ್' ಎಂದು ಬರೆದಿತ್ತು.

"ಹಾಗಂದ್ರೇನೋ?" ಎಂದರು ಮಾವ.

"ಮಿಲಿಟರಿಯವರು, ಪೊಲೀಸರು ಹಿಡ್ಕೊಳ್ಳೋ ತರದ್ದು ಅಪ್ಪ. ಎದುರಿಗಿರೋನ ಕಣ್ಣಿಗೆ ಬಿಟ್ರೆ ಅವನು ಅಲ್ಲೇ ಕೂತ್ಕೋಬೇಕು."

"ಸತ್ತ ಕೋಳಿ ಎದ್ದು ಯುದ್ಧಕ್ಕೆ ಬರುತ್ತೇನೋ?" ಎಂದು ದೊಡ್ಡತ್ತೆ ನಕ್ಕರು.

ನಗುವ ಪ್ರಸಂಗಗಳು ಬೇಕಾದಷ್ಟಾದವು. ಗುಂಡಿಯನ್ನು ಎರಡು ಸಲ ಒತ್ತಿದರೆ ಬೆಳಕು ಪಟಪಟ ಮಿಟುಕುತ್ತದೆ ಎನ್ನುವುದು ಮಾವನಿಗೆ ಗೊತ್ತಿರಲಿಲ್ಲ. ಮೊದಲ ಸಂಜೆಯೇ ಹಾಗಾಗಿ, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದವರು ಇದೂ ಕಾರ್ಯಕ್ರಮದ ಭಾಗವೆಂದು ಕುಣಿಯತೊಡಗಿದರಂತೆ. ಒಂದು ಕೈಯಲ್ಲಿ ಇಕ್ಕಳ, ಇನ್ನೊಂದರಲ್ಲಿ ಬೀಸಣಿಗೆ, ಟಾರ್ಚು ಹಿಡಿಯಲು ಕೈ ಎಲ್ಲಿದೆ? ಹಲ್ಲಿನಲ್ಲಿ ಕಚ್ಚಿಕೊಂಡರು, ಕಂಕುಳಲ್ಲಿ ಸಿಕ್ಕಿಸಿಕೊಂಡರು, ಕೊನೆಗೆ ಒಂದು ಮುರಿದ ಕೊಡೆಯ ಕಡ್ಡಿಗೆ ಬಿಗಿದು ತೊಟ್ಟಿಯ ಪಕ್ಕದಲ್ಲಿ ನೆಟ್ಟರು. ಆಮೇಲೆ ಅವರ ಬಾಯಲ್ಲಿ ಬರೀ ಟಾರ್ಚಿನದೇ ಮಾತು. "ಹಗಲು ಕಣಮ್ಮಾ ಹಗಲು! ಮೂಳೆ ಸಂದಿಯಲ್ಲಿರೋ ನಾರೂ ಎಣಿಸ್ಬಹುದು" ಎನ್ನುವರು. ಮಗ ಕೊಟ್ಟದ್ದು ಬೇರೆ, ಅದಕ್ಕೆ ಒರೆಸುವ ಬಟ್ಟೆಯೇ ಪ್ರತ್ಯೇಕ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ನಮಗೆ ಯಾರು ಹೇಳಿಕೊಡಬೇಕು?

ಅವತ್ತು ಬಂದವರು ಒಂದು ಬಸ್ ಕಂಪನಿಯವರು. ಡ್ರೈವರುಗಳು, ಕಂಡಕ್ಟರುಗಳು, ಮೆಕ್ಯಾನಿಕ್ಕುಗಳು, ಅವರ ಮನೆಮಂದಿ. ಸಂಜೆ ಕೆರೆಯ ಮೇಲಿನಿಂದ ತಣ್ಣನೆ ಗಾಳಿ ಎದ್ದು ಕೆಂಡ ಸರಿಯಾಗಿ ಕೂರಲಿಲ್ಲ. ಒಂದು ಕಡೆ ನಿಗಿನಿಗಿ, ಇನ್ನೊಂದು ಕಡೆ ಮಂಕು. ಮಕ್ಕಳು ಹಸಿದು ಅಳುತ್ತಿದ್ದರು, ದೊಡ್ಡವರು ತಟ್ಟೆ ಬಡಿಯುತ್ತಿದ್ದರು. ಮಾವ ಒಂದು ತೊಡೆಯ ಕೀಲು ಬಿಡಿಸಿ ಟಾರ್ಚಿನ ಬೆಳಕಿಗೆ ಹಿಡಿದರು. ಬೂದುಬಿಳುಪು. ಇನ್ನೊಂದು ಬಿಡಿಸಿದರು, ಅದೂ ಹಾಗೇ. ಸರಿ, ಬಡಿಸಿ ಎಂದುಬಿಟ್ಟರು. ಎಲ್ಲರೂ ಚಪ್ಪರಿಸಿ ತಿಂದರು, ಕೈತಟ್ಟಿದರು, ಬಸ್ಸು ಹತ್ತಿ ಹೋದರು.

ಮಾವ ನನಗೆಂದು ಒಂದು ತೊಡೆಯ ತುಂಡನ್ನು ಟಿಫಿನ್ ಡಬ್ಬಿಯಲ್ಲಿ ತಂದಿಟ್ಟಿದ್ದರು. ಬೆಳಿಗ್ಗೆ ನಾನು ಏಳುವ ಮುಂಚೆ ಅಡುಗೆಮನೆಯ ಕಿಟಕಿಯ ಹತ್ತಿರ ಡಬ್ಬಿ ತೆಗೆದು ನೋಡಿದವರು ಅಲ್ಲೇ ನಿಂತುಬಿಟ್ಟರಂತೆ. ಮೂಳೆಯ ಬುಡದಲ್ಲಿ ಹಸಿ ಕೆಂಪು. ಅವರು ಆ ತುಂಡನ್ನೂ ಟಾರ್ಚನ್ನೂ ಹಿಡಿದು ಬಚ್ಚಲಿಗೆ ಹೋದರು. ಬಚ್ಚಲಿಗೆ ಕಿಟಕಿ ಇಲ್ಲ. ಬಾಗಿಲು ಹಾಕಿ ಟಾರ್ಚು ಹೊತ್ತಿಸಿದರೆ ಕೆಂಪು ಮಾಯ, ಬೂದುಬಿಳುಪು. ಬಾಗಿಲು ತೆಗೆದರೆ ಕೆಂಪು ವಾಪಸು. ಹಾಕಿದರು, ತೆಗೆದರು, ಮತ್ತೆ ಹಾಕಿದರು. ನಾನು ಹಾಸಿಗೆಯಲ್ಲಿ ಬಾಗಿಲ ಸದ್ದು ಕೇಳಿ, ಪಾಪ ಹೊಟ್ಟೆ ಕೆಟ್ಟಿರಬೇಕು ಎಂದುಕೊಂಡು, "ಮಾವ, ನಿಂಬೆಹಣ್ಣಿನ ನೀರು ಮಾಡಿಕೊಡ್ಲಾ?" ಎಂದು ಕೂಗಿದೆ. "ಏನೂ ಬೇಡ, ಮಲಗಮ್ಮಾ" ಎಂದರು. ಆಮೇಲೆ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದರು. ಏನೆಂದು ಕೇಳಿದರೆ ಇಲಿ ಸತ್ತಿತ್ತು ಎಂದರು.

ಆ ಹೊತ್ತಿಗೆ ಯಾರಿಗೂ ಏನೂ ಆದ ಸುದ್ದಿ ಬಂದಿರಲಿಲ್ಲ. ಎಲ್ಲ ತುಂಡೂ ಹಾಗಿರಲಿಕ್ಕಿಲ್ಲ, ಇದೊಂದೇ ಇರಬೇಕು, ಇದು ಗಾಳಿ ಬಡಿದ ಕಡೆಯದು ಎಂದು ತಮಗೆ ತಾವೇ ಹೇಳಿಕೊಂಡರಂತೆ. ಮಧ್ಯಾಹ್ನದ ಮೇಲೆ ಮೈದಾನದ ಆಫೀಸಿನಿಂದ ಫೋನು ಬಂತು. ಬಸ್ ಕಂಪನಿಯ ಅರ್ಧ ಜನಕ್ಕೆ ವಾಂತಿ ಭೇದಿ. ಒಬ್ಬ ಡ್ರೈವರನ ವಯಸ್ಸಾದ ತಾಯಿಗೆ ಜೋರಾಗಿ, ಆಸ್ಪತ್ರೆಗೆ ಸೇರಿಸಿ ಗ್ಲೂಕೋಸ್ ಹಾಕಿದ್ದಾರೆ, ಏನೂ ಹೇಳಲಾಗದು ಎಂದರು.

ಮ್ಯಾನೇಜರು ಅಕ್ಕ ತಮ್ಮ ಇಬ್ಬರನ್ನೂ ಆಫೀಸಿಗೆ ಕರೆಸಿದರು. ಚಿಕ್ಕ ಕೋಣೆ, ಮೇಜಿನ ಮೇಲೆ ಫ್ಯಾನು, ಗೋಡೆಯಲ್ಲಿ ಕ್ಯಾಲೆಂಡರು. ಕುರ್ಚಿ ಒಂದೇ ಇತ್ತು, ಅದರಲ್ಲಿ ದೊಡ್ಡತ್ತೆ ಕೂತರು.

"ಕೋಳಿ ಅಂಗಡಿಯವನು ಅವತ್ತೇ ಕೊಯ್ದಿದ್ದು ಅಂತಾನೆ. ಬೇರೆ ಕಡೆಗೂ ಕೊಟ್ಟಿದ್ದಾನೆ, ಅಲ್ಲಿ ಯಾರಿಗೂ ಏನೂ ಆಗಿಲ್ಲ" ಎಂದರು ಮ್ಯಾನೇಜರು. "ಕೆಂಡಣ್ಣನ ಬೆಂಕಿ ಮೇಲೆ ಇಷ್ಟು ವರ್ಷದಲ್ಲಿ ಒಂದು ದೂರೂ ಬಂದಿಲ್ಲ. ಇನ್ನು ಉಳಿದಿದ್ದು ಏನು? ತೊಳೆದಿದ್ದು ಯಾರು?"

"ನಾನೇ" ಎಂದರು ದೊಡ್ಡತ್ತೆ.

"ಸರಿಯಾಗಿ ತೊಳೆದಿದ್ರಾ?"

ದೊಡ್ಡತ್ತೆ ತಮ್ಮ ಅಂಗೈ ನೋಡಿಕೊಂಡರು. ಅವತ್ತು ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿತ್ತು, ಟಬ್ಬನ್ನು ಒಮ್ಮೆ ಮಾತ್ರ ಗಲಬರಿಸಿದ್ದೆನೇನೋ ಎಂದು ಯೋಚಿಸುತ್ತಿದ್ದರಂತೆ. ತನ್ನ ತಪ್ಪನ್ನೇ ಹುಡುಕಲು ಕೂತವರಿಗೆ ಸಿಗದೆ ಇರುತ್ತದೆಯೇ? ಮ್ಯಾನೇಜರು ಮಾವನ ಮುಖ ನೋಡಿದರು. ಮಾವ ಕ್ಯಾಲೆಂಡರು ನೋಡಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುವ ಗಾದೆ ನಗಿಸಲು ಹುಟ್ಟಿದ್ದಿರಬೇಕು. ಎತ್ತು ಪಕ್ಕದಲ್ಲೇ ನಿಂತು ಬರೆ ಎಳೆಯುವುದನ್ನು ನೋಡುತ್ತಿದ್ದರೆ ನಗು ಬರುವುದಿಲ್ಲ.

ದೊಡ್ಡತ್ತೆ ಏಪ್ರನ್ ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟರು. ಹೊರಗೆ ಬಂದ ಮೇಲೆ ತಮ್ಮನಿಗೆ, "ನೀನು ಕೆಲಸ ಬಿಡ್ಬೇಡ ಕಣೋ. ನನ್ನ ಕೈಯಿಂದ ನಿನ್ನ ಹೆಸರು ಕೆಡೋದು ಬೇಡ" ಎಂದರು.

ಆ ಮಾತಿಗಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಯಾಕೆ ಎಂದು ಆಮೇಲೆ ನಾನು ಕೇಳಿದಾಗ ಮಗನ ನೆಪ ಹೇಳಿದರು: ಅವನು ಪ್ರೀತಿಯಿಂದ ತಂದ ಟಾರ್ಚು, ಅದರಿಂದ ಹೀಗಾಯಿತೆಂದರೆ ಅವನು ನೊಂದುಕೊಳ್ಳುತ್ತಾನಲ್ಲ. ನಾನು ನಂಬುವುದಿಲ್ಲ. ನನ್ನ ಗಂಡ ನೊಂದುಕೊಳ್ಳುವ ಜಾತಿಯವನಲ್ಲ, ಉಂಡು ಮಲಗಿದರೆ ಎಲ್ಲ ಮರೆಯುತ್ತಾನೆ. ಮಾವನಿಗೆ ಬೇಕಾಗಿದ್ದದ್ದು ಆ ಕಣ್ಣಿನ ಹೆಸರು. ಕೆಂಡಣ್ಣ ಹಸಿ ಕೋಳಿ ಬಡಿಸಿದ ಎಂಬ ಮಾತು ಬಂದರೆ ಅವರ ಹತ್ತಿರ ಉಳಿಯುವುದು ಏನು?

ಡ್ರೈವರನ ತಾಯಿ ಬದುಕಿಕೊಂಡರು. ಗೋಡೆ ಹಿಡಿದು ನಡೆಯುವಷ್ಟಾಗಿ ಮನೆಗೆ ಹೋದರು. ಮೈದಾನದವರು ಎಲ್ಲ ಮರೆತರು. ನಮ್ಮ ಮನೆಯಲ್ಲಿ ಮಾತ್ರ ಏನೋ ಕೆಟ್ಟಿತ್ತು, ಏನೆಂದು ನನಗೆ ತಿಳಿಯಲಿಲ್ಲ. ಮಾವ ಟಾರ್ಚನ್ನು ಬೀರುವಿನ ಮೇಲೆ ಎಸೆದು, ಬ್ಯಾಟರಿಗೆ ಹಾಕುವ ಹಳದಿ ಬಲ್ಬೊಂದನ್ನು ಎಲ್ಲಿಂದಲೋ ತಂದು ಅದರಲ್ಲೇ ಕೆಲಸ ಮಾಡತೊಡಗಿದರು. ಆದರೂ ಧೈರ್ಯ ಸಾಲದು. ಕೀಲು ಬಿಡಿಸುವರು, ನೋಡುವರು, ಬೆಂದಿದ್ದರೂ ಮತ್ತೆ ಕೆಂಡಕ್ಕೆ ಹಾಕುವರು. ಕೆಂಡಣ್ಣನ ಕೋಳಿ ತಿನ್ನುವುದಕ್ಕಿಂತ ಇದ್ದಿಲು ತಿನ್ನುವುದು ವಾಸಿ ಎಂದು ಜನ ಆಡಿಕೊಳ್ಳುವಂತಾಯಿತು. ಮನೆಯಲ್ಲಿ ನಾನು ಏನು ಬಡಿಸಿದರೂ ಸುಮ್ಮನೆ ತಿನ್ನುವರು. ಇನ್ನೊಂದು ಉರಿ ಬೇಕಿತ್ತು ಎನ್ನುವುದಿಲ್ಲ! ಅದಕ್ಕೇ ನನಗೆ ಅನುಮಾನ ಬಂದದ್ದು.

ಅಕ್ಕನ ಮನೆಗೆ ಮಾತ್ರ ಕಾಲು ಸವೆಯುವಷ್ಟು ಓಡಾಟ. ಒಂದು ದಿನ ಕಿತ್ತಳೆ, ಇನ್ನೊಂದು ದಿನ ಹೊಸ ಚಪ್ಪಲಿ. ಸೋರುವ ನಲ್ಲಿ ಸರಿ ಮಾಡಿದರು, ಕಿಟಕಿಗೆ ಬಣ್ಣ ಹೊಡೆದರು, ಬೇಡ ಬೇಡ ಎಂದರೂ ಹಿತ್ತಲ ಗೋಡೆಗೆ ಗಾರೆ ಬಳಿದರು. ದೊಡ್ಡತ್ತೆ ನನ್ನ ಹತ್ತಿರ ಕಣ್ಣಲ್ಲಿ ನೀರು ತುಂಬಿಕೊಂಡು, "ಎಂಥ ತಮ್ಮನ್ನ ಕೊಟ್ಟಿದ್ದಾನಮ್ಮ ದೇವರು" ಎಂದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರಿದ್ದಾರೆ. ನಮ್ಮ ಮಾವ ಹೆಗಲ ಮೇಲೆ ಗಾರೆಯ ಬುಟ್ಟಿಯನ್ನೇ ಹೊತ್ತುಕೊಂಡಿದ್ದರು.

ಒಂದು ಮಧ್ಯಾಹ್ನ ನಾನೇ ದೊಡ್ಡತ್ತೆಯ ಮನೆಗೆ ಹೋದೆ. ಅವರ ಮಗಳು ಲಾಂಡ್ರಿಯಲ್ಲಿ ಪಾಳಿ ಕೆಲಸ ಮಾಡುತ್ತಾಳೆ, ಅವಳ ಪುಟ್ಟ ಮಗಳು ಅಜ್ಜಿಯ ಹತ್ತಿರವೇ ಇರುತ್ತಾಳೆ. ಮಗು ಮೆಟ್ಟಿಲ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು.

"ಊಟ ಆಯ್ತಾ ಪುಟ್ಟಿ?"

"ಇದೇ ಊಟ. ಅಜ್ಜಿ ಅಡುಗೆ ಮಾಡಲ್ಲ. ಅಮ್ಮ ಬಂದ್ಮೇಲೆ ಮಾಡ್ತಾಳೆ."

ನಾನು ಒಳಗೆ ಹೋದೆ. ಒಲೆ ಒರೆಸಿ ಥಳಥಳ, ಅದರ ಮೇಲೆ ಪಾತ್ರೆಯೇ ಇಲ್ಲ. ದೊಡ್ಡತ್ತೆ ಬಟ್ಟೆ ಉಜ್ಜುವ ಬ್ರಷ್ಷಿನಿಂದ ತಮ್ಮ ಕೈ ಉಜ್ಜಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಬ್ರಷ್ಷನ್ನು ಬಕೆಟ್ಟಿನ ಹಿಂದೆ ಇಟ್ಟರು. ಬೆರಳ ಸಂದಿಯಲ್ಲೆಲ್ಲ ಚರ್ಮ ಬಿರಿದು ರಕ್ತ ಒಸರುತ್ತಿತ್ತು.

"ಏನತ್ತೆ ಇದು!"

"ಏನಿಲ್ಲಮ್ಮ. ಎಷ್ಟು ತೊಳೆದ್ರೂ ಹೋದ ಹಾಗೆ ಆಗಲ್ಲ."

"ಏನು ಹೋಗ್ಬೇಕು?"

"ಏನೋ ಇದೆ. ಇಲ್ದೇ ಇದ್ರೆ ಅಷ್ಟು ಜನ ಯಾಕೆ ಮಲಗ್ತಿದ್ರು? ಇಷ್ಟು ವರ್ಷ ಎಷ್ಟು ಜನಕ್ಕೆ ಹಾಕಿದ್ದೀನಿ ಈ ಕೈಯಲ್ಲಿ. ನೆನೆಸ್ಕೊಂಡ್ರೆ ಎದೆ ಝಲ್ಲನ್ನುತ್ತೆ. ಮಗು ತಟ್ಟೆಗೆ ಮಾತ್ರ ಈ ಕೈ ಹಾಕಲ್ಲ."

ಅವರು ನನಗೆ ಒಂದು ಲೋಟ ನೀರನ್ನೂ ಕೊಡಲಿಲ್ಲ. ಬೇಕಾದರೆ ನೀನೇ ತಗೋ ಎಂದರು. ಆ ಮನೆಯಿಂದ ಬರಿ ಹೊಟ್ಟೆಯಲ್ಲಿ ಹೊರಗೆ ಬಂದದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ದಾರಿಯುದ್ದಕ್ಕೂ ಅಳು ಬಂತು.

ಮನೆಗೆ ಬಂದಾಗ ಮಾವ ಪಾತ್ರೆ ತೊಳೆಯುವ ಜಾಗದಲ್ಲಿ ನಿಂತು ಇಕ್ಕಳ ಉಜ್ಜುತ್ತಿದ್ದರು. ನನ್ನ ಸಿಟ್ಟೆಲ್ಲ ಅವರ ಮೇಲೆ ಹೋಯಿತು. "ಚಪ್ಪಲಿ ಕೊಡಿಸ್ತೀರಿ, ಗೋಡೆ ಬಳೀತೀರಿ, ನಿಮ್ಮ ಅಕ್ಕನ ಕೈ ನೋಡಿದ್ದೀರಾ? ಕಣ್ಣಿದೆ ಕಣ್ಣಿದೆ ಅಂತೀರಲ್ಲ! ಹುಚ್ಚು ಹಿಡೀತಾ ಇದೆ ಅವರಿಗೆ. ಮೊಮ್ಮಗಳಿಗೆ ಅನ್ನ ಹಾಕ್ತಾ ಇಲ್ಲ!"

ಮಾವ ಇಕ್ಕಳ ಕೆಳಗಿಟ್ಟರು. ನಲ್ಲಿ ನಿಲ್ಲಿಸಲಿಲ್ಲ. ನೀರು ಬೀಳುತ್ತಲೇ ಇತ್ತು, ಅವರು ಗೋಡೆಯ ಕಡೆ ಮುಖ ಮಾಡಿಕೊಂಡು ಕೀಲಿನ ಕೆಂಪಿನಿಂದ ಹಿಡಿದು ಹಿತ್ತಲ ಗುಂಡಿಯವರೆಗೆ, ಕ್ಯಾಲೆಂಡರಿನವರೆಗೆ ಎಲ್ಲ ಹೇಳಿದರು. ಕೇಳುತ್ತ ಕೇಳುತ್ತ ನನಗೆ ಅವರ ಮೇಲೆ ಅಸಹ್ಯವೂ ಬಂತು, ಬೆನ್ನ ಮೇಲೆ ಕೈ ಇಡಬೇಕು ಎಂದೂ ಅನ್ನಿಸಿತು. ಎರಡನ್ನೂ ತಡೆದುಕೊಂಡೆ.

"ನನಗೆ ಹೇಳಿ ಏನು ಪ್ರಯೋಜನ ಮಾವ? ಅಲ್ಲಿ ಹೇಳ್ಬೇಕು."

"ಹೇಗಮ್ಮಾ ಹೇಳ್ಲಿ?"

"ನನಗೆ ಹೇಗೆ ಹೇಳಿದ್ರೋ ಹಾಗೆ. ನಡೀರಿ."

ಬಾಗಿಲಲ್ಲಿ ತಮ್ಮನನ್ನು ಕಂಡು ದೊಡ್ಡತ್ತೆಯ ಮುಖ ಅರಳಿತು. "ಮತ್ತೆ ಏನು ತಂದ್ಯೋ?" ಎಂದರು. ಮಾವ ನಿಂತಲ್ಲೇ ಹೇಳಿದರು: ತೊಳೆದದ್ದರಲ್ಲಿ ತಪ್ಪಿರಲಿಲ್ಲ, ಬೆಂದೇ ಇರಲಿಲ್ಲ, ಟಾರ್ಚಿನ ಬೆಳಕಿನಲ್ಲಿ ಕೆಂಪು ಕಾಣಲಿಲ್ಲ. ದೊಡ್ಡತ್ತೆ ಪೂರ್ತಿ ಕೇಳಿ ತಲೆಯಾಡಿಸಿದರು.

"ಇವಳು ನಿನಗೆ ನನ್ನ ಕೈ ವಿಷಯ ಹೇಳಿರ್ಬೇಕು. ಅದಕ್ಕೆ ಬಂದು ನನ್ನ ಪಾಪ ನಿನ್ನ ತಲೆಗೆ ಕಟ್ಕೊಳ್ತಿದ್ದೀಯ. ಚಿಕ್ಕಂದಿನಲ್ಲೂ ನಾನು ಮಡಕೆ ಒಡೆದ್ರೆ, ನಾನೇ ಒಡೆದಿದ್ದು ಅಂತ ಹೇಳಿ ನೀನು ಏಟು ತಿಂತಿದ್ದೆ."

"ಇಲ್ಲಕ್ಕ, ನಿಜ."

"ಸಾಕು ಬಿಡೋ. ಬೆಳಕಿಗೆ ಬಣ್ಣ ತಿನ್ನೋಕೆ ಬರುತ್ತೇನೋ? ನಿನ್ನ ಕಣ್ಣು ತಪ್ಪಲ್ಲ, ನನಗೆ ಗೊತ್ತಿಲ್ವಾ?"

ನೋಡಿ, ಹಣೆಬರಹ ಹೇಗಿರುತ್ತದೆ. ಇಷ್ಟು ದಿನ ಬಾಯಿಂದ ಹೊರಡದೇ ಇದ್ದದ್ದು ಹೊರಟಾಗ ಅದನ್ನು ನಂಬುವವರೇ ಇಲ್ಲ. ತಮ್ಮನ ಕಣ್ಣಿನ ಮೇಲೆ ತಮ್ಮನಿಗಿಂತ ಅಕ್ಕನಿಗೇ ಹೆಚ್ಚು ಜಂಬ. ಮಾವ ಸೋತು ಮೆಟ್ಟಿಲ ಮೇಲೆ ಕೂತರು. ಆಮೇಲೆ ಏನು ಹೊಳೆಯಿತೋ, ಎದ್ದು ಹೋದರು. ವಾಪಸು ಬಂದಾಗ ಕೈಯಲ್ಲಿ ಒಂದು ಚೀಲ ಇದ್ದಿಲು, ಕತ್ತರಿಸಿದ ಕೋಳಿ, ಬೀರುವಿನ ಮೇಲಿದ್ದ ಟಾರ್ಚು.

ದೊಡ್ಡತ್ತೆಯ ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ ಕೆಂಡ ಮಾಡಿದರು. ಬೂದಿ ಕೂರುವಷ್ಟರಲ್ಲಿ ಕತ್ತಲಾಗುತ್ತ ಬಂತು. ಕೋಳಿಯನ್ನು ಮೇಲೆ ಹಾಕಿ, ಚರ್ಮ ಕಂದಾಗುತ್ತಿದ್ದಂತೆ ಬೇಕೆಂದೇ ಬೇಗ ತೆಗೆದರು. ದೊಡ್ಡತ್ತೆಯನ್ನು ಹತ್ತಿರ ಕರೆದು ಕೀಲು ಬಿಡಿಸಿ ಟಾರ್ಚು ಹಾಕಿದರು.

"ನೋಡಕ್ಕ. ಬೆಂದಿದ್ಯಾ?"

ದೊಡ್ಡತ್ತೆ ಬಗ್ಗಿ ನೋಡಿದರು. "ಬೆಂದಿದೆ. ಬೆಳ್ಳಗಿದೆಯಲ್ಲ."

ಮಾವ ಟಾರ್ಚು ಆರಿಸಿ ನನಗೆ ಕೈಸನ್ನೆ ಮಾಡಿದರು. ನಾನು ಹಿತ್ತಲ ಬಾಗಿಲ ಹಳದಿ ಬಲ್ಬು ಹಾಕಿದೆ. ಮೂಳೆಯ ಬುಡ ಹಸಿ ಗಾಯದ ಹಾಗೆ ಕೆಂಪಗಿತ್ತು.

ದೊಡ್ಡತ್ತೆ ತಮ್ಮನ ಕೈಯಿಂದ ಟಾರ್ಚು ಕಸಿದುಕೊಂಡು ತಾವೇ ಹೊತ್ತಿಸಿದರು. ನನಗೆ ಬಲ್ಬು ಆರಿಸು ಎಂದರು, ಹಾಕು ಎಂದರು, ಮತ್ತೆ ಆರಿಸು ಎಂದರು. ಇನ್ನೊಂದು ತುಂಡು ತೆಗೆದು ತಾವೇ ಮುರಿದು ನೋಡಿದರು. ಅದೂ ಅಷ್ಟೇ. ಆಮೇಲೆ ಟಾರ್ಚು ಕೆಳಗಿಟ್ಟು ತಮ್ಮ ಎರಡೂ ಅಂಗೈಗಳನ್ನು ಬಲ್ಬಿನ ಕೆಳಗೆ ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ನನ್ನ ಕೈಯಲ್ಲಿ ಏನೂ ಇರ್ಲಿಲ್ವಾ?"

"ಏನೂ ಇರ್ಲಿಲ್ಲಕ್ಕ."

"ನಿಂಗೆ ಯಾವಾಗ ಗೊತ್ತಾಯ್ತು?"

ಇಲ್ಲಿ ಮಾವ ಒಂದು ಸುಳ್ಳು ಹೇಳಬಹುದಿತ್ತು. ಮೊನ್ನೆ ಗೊತ್ತಾಯಿತು ಎಂದರೆ ಮುಗಿಯುತ್ತಿತ್ತು, ಅಕ್ಕ ತಬ್ಬಿಕೊಂಡು ಅಳುತ್ತಿದ್ದರು. ಅವರ ತುಟಿ ಆ ಕಡೆ ಹೋಗುವುದು ನನಗೆ ಕಂಡಿತು. ನಾನು ಅವರನ್ನೇ ನೋಡುತ್ತಿದ್ದೆ.

"ಮಾರನೇ ದಿನ ಬೆಳಿಗ್ಗೇನೇ" ಎಂದರು ಮಾವ. "ಆಫೀಸಿಗೆ ಹೋಗೋಕೆ ಮುಂಚೆ."

ದೊಡ್ಡತ್ತೆ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕೆಂಡದ ಮುಂದೆ ಕೂತು, ಹಸಿ ಉಳಿದಿದ್ದ ತುಂಡುಗಳನ್ನೆಲ್ಲ ಮತ್ತೆ ಮೇಲೆ ಹಾಕಿ, ಒಂದೊಂದನ್ನೇ ಬೆರಳಿಂದ ಒತ್ತಿ ನೋಡುತ್ತ ಬೇಯಿಸಿದರು. ಬೆಂದ ಮೇಲೆ ಮೊಮ್ಮಗಳನ್ನು ಕರೆದು ತೊಡೆಯ ಮೇಲೆ ಕೂರಿಸಿಕೊಂಡರು. ಮೂಳೆಯಿಂದ ಮಾಂಸ ಬಿಡಿಸಿ, ಊದಿ ಆರಿಸಿ, ಬಿರಿದ ಆ ಬೆರಳುಗಳಿಂದಲೇ ಬಾಯಿಗಿಟ್ಟರು. ಮಗು ಮುಕ್ಕಿ ಮುಕ್ಕಿ ತಿಂದಿತು. ನನಗೂ ಒಂದು ತಟ್ಟೆ ಕೊಟ್ಟರು. ತಮ್ಮನಿಗೆ ಕೊಡಲಿಲ್ಲ. ಅವರು ಬಡಿಸುವಾಗ ಒಬ್ಬರು ಹಸಿದು ಕೂತದ್ದನ್ನು ನಾನು ಅವತ್ತೇ ಮೊದಲು ಕಂಡೆ.

ಮಾವ ತಾವಾಗಿ, "ನಾಳೆ ಮ್ಯಾನೇಜರಿಗೆ ಹೇಳಿಬಿಡ್ತೀನಕ್ಕ" ಎಂದರು.

"ಮ್ಯಾನೇಜರು ಹಾಳಾಗಿ ಹೋಗ್ಲಿ" ಎಂದರು ದೊಡ್ಡತ್ತೆ. ಮಗುವಿನ ಬಾಯಿ ಒರೆಸಿದರು. "ಆ ಡ್ರೈವರ ತಾಯಿ ಆಸ್ಪತ್ರೇಲಿದ್ದಾಗ ನನ್ನನ್ನ ದಿನಾ ಅಲ್ಲಿಗೆ ಕರ್ಕೊಂಡು ಹೋಗ್ತಿದ್ದೆಯಲ್ಲ ಸೈಕಲ್ ಮೇಲೆ. ನಾನು ಒಳಗೆ ಹೋಗಿ ಆ ಮುದುಕಿ ಕೈ ಹಿಡ್ಕೊಂಡು, ಕೊಳಕು ಕೈಯಮ್ಮ ನಂದು, ಕ್ಷಮಿಸಿಬಿಡು ಅಂತ ಅಳ್ತಿದ್ದೆ. ನೀನು ಹೊರಗೆ ನಿಂತಿರ್ತಿದ್ದೆ."

ಇದು ನನಗೆ ಗೊತ್ತಿರಲಿಲ್ಲ. ಎಲ್ಲ ಹೇಳಿದಂತಿದ್ದ ಮಾವ ಇದೊಂದನ್ನು ಪಾತ್ರೆ ತೊಳೆಯುವ ಜಾಗದಲ್ಲೂ ನುಂಗಿಕೊಂಡಿದ್ದರು. ಅವರು ತಲೆ ಎತ್ತಲಿಲ್ಲ.

"ಮನೆಗೆ ಹೋಗೋವಾಗ ನನ್ನ ಕಣ್ಣು ಒರೆಸಿದ್ಯಲ್ಲೋ. ನಿನ್ನ ಟವೆಲಿನಲ್ಲಿ."

"ಅಕ್ಕ..."

"ಏಳು. ಆ ಮುದುಕಿ ಮನೆ ಗೊತ್ತು ನಂಗೆ. ಇನ್ನೂ ಎದ್ದಿರ್ತಾರೆ, ನಡಿ."

ನಾವು ನಾಲ್ವರೂ ನಡೆದೆವು, ಮಗು ನನ್ನ ಸೊಂಟದ ಮೇಲೆ. ಬಸ್ ಡಿಪೋದ ಹಿಂದಿನ ಓಣಿ, ಒತ್ತೊತ್ತಾಗಿ ಮನೆಗಳು, ಒಂದೊಂದರ ಒಳಗೂ ಟಿವಿಯ ಸದ್ದು. ಡ್ರೈವರೇ ಬಾಗಿಲು ತೆಗೆದ. ಅವನ ತಾಯಿ ಮುಂದಿನ ಕೋಣೆಯಲ್ಲೇ ಕಂಬಳಿ ಹೊದ್ದು ಕೂತಿದ್ದರು. ದೊಡ್ಡತ್ತೆಯನ್ನು ಗುರುತು ಹಿಡಿದು, "ಬಾರಮ್ಮಾ, ಒಳಗೆ ಬಾ" ಎಂದು ಕೈ ಚಾಚಿದರು.

ದೊಡ್ಡತ್ತೆ ಹೊಸ್ತಿಲು ದಾಟಲಿಲ್ಲ. ತಮ್ಮನ ಬೆನ್ನ ಮೇಲೆ ಕೈ ಇಟ್ಟು ಒಳಗೆ ತಳ್ಳಿದರು. ತಾವು ಓಣಿಯಲ್ಲೇ, ಕಿಟಕಿಯ ಪಕ್ಕದ ಗೋಡೆಗೆ ಒರಗಿ ನಿಂತರು. ಮಾವನಿಗೆ ಡ್ರೈವರು ಕುರ್ಚಿ ಎಳೆದುಕೊಟ್ಟ, ಅವರು ಕೂರಲಿಲ್ಲ. ನೆಲ ನೋಡುತ್ತ ಏನೋ ಗೊಣಗಿದರು, ಮುದುಕಿ ಕಿವಿಗೆ ಕೈ ಹಿಡಿದು "ಏನಪ್ಪಾ?" ಎಂದರು.

ಹೊರಗಿನಿಂದ ದೊಡ್ಡತ್ತೆಯ ದನಿ ಬಂತು. "ಜೋರಾಗಿ ಹೇಳೋ. ನನಗೂ ಕೇಳಿಸ್ಬೇಕು."

ಮಾವ ಕಿಟಕಿಯ ಕಡೆ ಒಮ್ಮೆ ತಿರುಗಿ ನೋಡಿ, ಮತ್ತೆ ಮೊದಲಿನಿಂದ ಹೇಳತೊಡಗಿದರು.